ಕೆರಿ, ಕೇರಿ ಮತ್ತು ಖುರ್ಚಿ ಮಾಸ್ತರ್

ನಿಲಂಗಾದಿಂದ ಫೋನು ಬಂದಾಗ ನಾನು ಚಹಾ ಕುಡಿಯುತ್ತಿದ್ದೆ. ಖುರ್ಚಿ ಮಾಸ್ತರ್ ಹೋದರಂತೆ. ಬಶಿಗೆ ಚಹಾ ಸುರಿದುಕೊಂಡು, ಆರುವ ಮೊದಲೇ ಬಾಯಿ ಹಾಕಿ, ತುಟಿ ಸುಟ್ಟುಕೊಂಡು, ಆಮೇಲೆ ಚಹಾ ಮಾಡಿದವರನ್ನು ಬೈಯುವುದು ಅವರ ಜೀವಮಾನದ ಪದ್ಧತಿ. ಕೊನೆಯ ದಿನ ಮುಂಜಾನೆಯೂ ಹಾಗೆಯೇ ಬೈದರು ಎಂದು ಅವರ ಮಗಳು ಅಳುತ್ತ ಅಳುತ್ತಲೇ ನಕ್ಕಳು. ನನಗೂ ಮೊದಲು ನಗು ಬಂತು. ಅಳು ಬಂದದ್ದು ಫೋನು ಇಟ್ಟ ಮೇಲೆ.

ಅವರಿಗೊಂದು ಹೆಸರಿತ್ತು. ಮರಾಠಿ ನಾಡಿನ ಗಡಿಯ ನಮ್ಮ ಉಮರ್ಗಾ, ನಿಲಂಗಾ, ಉದಗೀರದಲ್ಲಿ ಅದನ್ನು ಯಾರೂ ಬಳಸಲಿಲ್ಲ, ನಾನೂ ಬಳಸುವುದಿಲ್ಲ. ಬೆತ್ತದ ಕುರ್ಚಿ ಹೆಣೆಯುತ್ತಿದ್ದರು, ಆದ್ದರಿಂದ ಖುರ್ಚಿ. ದೂರದ ಯಾವುದೋ ಅಂಧರ ಶಾಲೆಯಲ್ಲಿ ಕಲಿತು ಬಂದಿದ್ದರು, ಆದ್ದರಿಂದ ಮಾಸ್ತರ್. ಪೂರ್ತಿ ಕುರುಡರು. ನಾನೂ ಕುರುಡಿ, ಹೀಗಾಗಿ ಈ ಶಬ್ದ ಬಳಸಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಕಣ್ಣಿಲ್ಲದವರಿಗೆ ಕಿವಿ ಚುರುಕು ಎಂದು ಕಣ್ಣಿದ್ದವರು ಹೇಳುತ್ತಿರುತ್ತಾರೆ. ಮಾಸ್ತರಿಗೆ ಅಂಥದ್ದೇನೂ ಇರಲಿಲ್ಲ. ಅವರ ಒಂದು ಕಿವಿ ಮಂದ. ನಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದ ಸೈಕಲ್ಲಿಗೆ ಬಂದಾಗಲೆಲ್ಲ ಡಿಕ್ಕಿ ಹೊಡೆದು, ಸೈಕಲ್ಲನ್ನೇ ಗದರಿಸಿ ಒಳಗೆ ಬರುತ್ತಿದ್ದರು. ಕೈಯಲ್ಲಿ ಗಾಜು ತೆಗೆಸಿದ ಗಡಿಯಾರ. ಮುಳ್ಳು ಮುಟ್ಟಿ ಹೊತ್ತು ತಿಳಿಯುತ್ತಿದ್ದರು. ಸುಮ್ಮನೆ ಎದುರಿನವರನ್ನು ಎಷ್ಟು ಗಂಟೆಯೆಂದು ಕೇಳಿ, ಅವರು ಹೇಳಿದ ಮೇಲೆ ಮುಟ್ಟಿ ನೋಡಿ, ‘ನಿಮ್ಮ ಗಡಿಯಾರ ಮುಂದದ’ ಎಂದು ತೀರ್ಪು ಕೊಡುವುದರಲ್ಲಿ ಅವರಿಗೆ ಎಲ್ಲಿಲ್ಲದ ಸುಖ. ಜಂಭಕ್ಕೇನೂ ಕಡಿಮೆಯಿರಲಿಲ್ಲ. ಉಮರ್ಗಾದ ಕೋರ್ಟಿನ ಕುರ್ಚಿಗಳನ್ನು ಹೆಣೆದವರು ಅವರೇ. ‘ಅಲ್ಲಿ ನ್ಯಾಯ ನನ್ನ ಮ್ಯಾಲ ಕುಂತದ, ಗೊತ್ತದ ಏನ್ರಿ?’ ಎಂದು ಎಸ್ಟಿ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹೇಳುತ್ತಿದ್ದರು. ಕಂಡಕ್ಟರ್‌ಗಳೆಲ್ಲ ಅವರಿಗೆ ಪರಿಚಯ, ಔರಾದ ಶಹಾಜನಿಯ ಸಂತೆಯವರೆಗೂ.

ಅವರು ನಮ್ಮ ಮನೆಗೆ ಬಂದದ್ದು ಎಪ್ಪತ್ತೆರಡರ ಬರದಲ್ಲಿ. ಅಪ್ಪ ಅವ್ವ ದೇವಣಿಯ ಹೊಲ ಬಿಟ್ಟು, ದನಗಳನ್ನು ಹೊಡೆದುಕೊಂಡು ಸರ್ಕಾರದ ಮೇವಿನ ಶಿಬಿರಕ್ಕೆ ಹೋಗಿದ್ದರು. ಓದಲೆಂದು ಉದಗೀರಕ್ಕೆ ಬಂದಿದ್ದ ನಾನು ಕಾಕಾನ ಮನೆಯಲ್ಲಿದ್ದೆ. ಮುಂದೆ ಬಟ್ಟೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ಕಾಕಾ ಮತ್ತು ಆಯಿ, ಅಂದರೆ ನನ್ನ ಅಜ್ಜಿ. ಮ್ಯಾಟ್ರಿಕ್ಕಿನ ವರ್ಷ ನನಗೆ ಜ್ವರ ಬಂತು. ಹೋಗುವಾಗ ಕಣ್ಣುಗಳನ್ನೂ ಕರೆದುಕೊಂಡು ಹೋಯಿತು. ಉಪ್ಪು ಕಟ್ಟಿ ತಂದ ಕಾಗದದ ಚೂರನ್ನೂ ಬಿಡದೆ ಓದುತ್ತಿದ್ದವಳು ನಾನು. ಕಣ್ಣು ಹೋದದ್ದಕ್ಕಿಂತ ಓದು ಹೋದದ್ದೇ ನನಗೆ ಹೆಚ್ಚು ಸಂಕಟವಾಗಿತ್ತು. ಹೀಗೆ ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಹೀಗಾಗಿ ಹೇಳಲಿಲ್ಲ.

ಆ ವರ್ಷ ಮದುವೆಗಳಿಲ್ಲ, ಬಟ್ಟೆ ಕೊಳ್ಳುವವರಿಲ್ಲ. ಗಿರಾಕಿ ಕೂರದ ಕುರ್ಚಿಗಳನ್ನಾದರೂ ಸರಿ ಮಾಡಿಸೋಣವೆಂದು ಕಾಕಾ ಮಾಸ್ತರನ್ನು ಕರೆಸಿದ. ಬೆತ್ತ ಹೆಣೆಯುವ ಮೊದಲು ಅದನ್ನು ನೀರಲ್ಲಿ ನೆನೆಹಾಕಬೇಕು. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿದ್ದ ಕಾಲ. ಮಾಸ್ತರ್ ಅಂಗಳದಲ್ಲಿ ಕುಳಿತು ಕೂಗಿದರು:

‘ಆಯಿ, ಬೆತ್ತಕ್ಕ ನೀರ ಕುಡಸಬೇಕ್ರಿ!’

‘ಮಂದಿಗೇ ನೀರಿಲ್ಲ, ನಿನ್ನ ಬೆತ್ತಕ್ಕ ಎಲ್ಲಿಂದ ತರ್ಲಿ ಮಾಸ್ತರಾ?’ ಎನ್ನುತ್ತಲೇ ಆಯಿ ಜೋಳ ತೊಳೆದ ನೀರು ಕಳಿಸಿದಳು. ಆ ನೀರಿನ ಬೋಗುಣಿಯನ್ನು ಹೊತ್ತು ತಂದವಳು ನಾನು. ಗೋಡೆ ಹಿಡಿದು ಬಂದೆ, ಮಾಸ್ತರ ಕಾಲಮೇಲೆ ಅರ್ಧ ಚೆಲ್ಲಿದೆ.

‘ಕಣ್ಣಿಲ್ಲೇನು ನಿನಗ?’ ಎಂದು ಗದರಿದರು.

‘ಇಲ್ರಿ’ ಎಂದೆ.

ಧೋತರದ ಅಂಚು ಹಿಂಡಿಕೊಂಡರು. ‘ನನಗೂ ಇಲ್ಲ. ಓದ್ಲಿಕ್ಕಿ ಬರ್ತದ ಏನು?’

‘ಮೊದಲ ಬರ್ತಿತ್ತು.’

‘ಮೊದಲಿಂದು ಬಿಡು. ಇವತ್ತ ಬರ್ತದೇನು?’

ನನ್ನ ಮುಖದ ಮೇಲೆ ಅಷ್ಟು ಒರಟಾಗಿ ಆ ಪ್ರಶ್ನೆಯನ್ನು ಯಾರೂ ಎಸೆದಿರಲಿಲ್ಲ. ಎಲ್ಲರೂ ‘ಪಾಪ’ ಎನ್ನುತ್ತಿದ್ದರು. ಆ ದಿನ ನನಗೆ ಇವರ ಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಆಸೆ ಬಂತು.

ಲಗ್ನವಾಗದ ಹುಡುಗಿಗೆ ಪರಗಂಡಸು ಪಾಠ ಹೇಳುವುದು ಕಾಕಾನಿಗೆ ಒಗ್ಗುವ ಮಾತಲ್ಲ. ಮೊದಲು ಆಯಿಯನ್ನು ಒಲಿಸಬೇಕು. ಮಾಸ್ತರಿಗೆ ಅದು ತಿಳಿದಿತ್ತು. ಬೆತ್ತ ನೆನೆಯುವಷ್ಟು ಹೊತ್ತು ಅವರಿಗೆ ಮಾತಾಡುವುದೇ ಕೆಲಸ.

‘ಫರಾನ್ಸದಾಗ ಒಬ್ಬ ಹುಡುಗ ಇದ್ದ, ಆಯಿ. ಅವರಪ್ಪ ಕುದರಿ ಜೀನ ಹೊಲಿತಿದ್ದ. ಹುಡುಗ ಆಡ್ತಾ ಆಡ್ತಾ ದಬ್ಬಣ ತಗೊಂಡ. ಕಣ್ಣಾಗ ಹೊಕ್ತು. ಒಂದು ಕಣ್ಣ ಹೋತು, ಅದರ ಬೇನಿಗಿ ಇನ್ನೊಂದೂ ಹೋತು.’

‘ಅಯ್ಯ ಶಿವನೆ! ಪರಾಂಡಾದಾಗಾ?’ ಎಂದಳು ಆಯಿ. ‘ಅಲ್ಲಿ ಕಿಲ್ಲಾದಾಗ ಕುದರಿ ಭಾಳ ಇದ್ವಂತ, ನಮ್ಮಪ್ಪ ಹೇಳ್ತಿದ್ದ. ಯಾರ ಪೈಕಿ ಹುಡುಗ?’

ಪರಾಂಡಾ ನಮ್ಮ ಕಡೆಯದೇ ಕೋಟೆಯ ಊರು, ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಮಾಸ್ತರ ಕತೆ ಅಲ್ಲೇ ನಿಂತಿತು. ನಾನು ಭೂಗೋಳ ಓದಿದವಳು, ಫ್ರಾನ್ಸ್ ಎಲ್ಲಿದೆಯೆಂದು ಹೇಳಲು ಬಾಯಿ ತೆರೆದೆ. ಮಾಸ್ತರ್ ಕೆಮ್ಮಿದರು.

‘ಜೀನ ಹೊಲಿಯೋರ ಪೈಕಿ, ಆಯಿ’ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕತೆ ಮುಂದುವರಿಯಿತು. ಕತ್ತಲಲ್ಲಿ ದೀಪ ಹಚ್ಚಿದರೆ ದುಶ್ಮನ್ ಗುಂಡು ಹೊಡೆಯುತ್ತಾನೆಂದು ಒಬ್ಬ ಸರದಾರ ಸಿಪಾಯಿಗಳಿಗಾಗಿ ಬೆರಳಿನಿಂದ ಓದುವ ಚುಕ್ಕಿ ಮಾಡಿದ್ದ. ಒಂದೊಂದು ಗುರುತಿಗೆ ಹನ್ನೆರಡು ಚುಕ್ಕಿಯ ತನಕ. ಬೆರಳಿನ ತುದಿಗೆ ಒಮ್ಮೆಗೇ ಎಟುಕುತ್ತಿರಲಿಲ್ಲ. ಆ ಕುರುಡ ಹುಡುಗನ ಕೈಗೆ ಅದು ಸಿಕ್ಕಿತು. ಅವನು ಅದನ್ನು ಆರಕ್ಕೆ ಇಳಿಸಿದ. ‘ಯಾವ ದಬ್ಬಣ ಕಣ್ಣ ತಿಂತು, ಅಂಥಾದ್ದೇ ದಬ್ಬಣ ಹಿಡದು ಅಕ್ಷರ ಬರದ, ಆಯಿ. ನನ್ನ ಕೈಯಾಗಿರೋದೂ ಅದೇ.’ ಬೆತ್ತದ ತೂತು ಬಿಡಿಸುವ ತಮ್ಮ ದಬ್ಬಣವನ್ನು ಆಯಿಯ ಅಂಗೈಯಲ್ಲಿಟ್ಟರು. ಆಯಿ ಸೆರಗಿನಿಂದ ಮೂಗು ಒರೆಸಿಕೊಂಡದ್ದು ನನಗೆ ಕೇಳಿಸಿತು.

ಕಾಕಾ ಊಟಕ್ಕೆ ಬಂದಾಗ ಆಯಿ ಹೇಳಿಬಿಟ್ಟಳು: ‘ಇದು ನಮ್ಮ ಪರಾಂಡಾದ ವಿದ್ಯಾ ಅದ. ಹೊರಗಿಂದಲ್ಲ. ಹುಡುಗಿ ಕಲೀಲಿ.’

ಕಾಕಾ ಕೆಟ್ಟವನಲ್ಲ. ಕೇರಿಯ ಬಾಯಿಗೆ ಹೆದರುವವನು. ಬಹಳ ಹೊತ್ತು ರೊಟ್ಟಿ ಅಗಿದು ಕೊನೆಗೆ ಹೇಳಿದ: ‘ಖುರ್ಚಿ ಹೆಣೆಯೂ ತನಕ ಕಲೀಲಿ. ಖುರ್ಚಿ ಮುಗೀತು, ಪಾಠ ಮುಗೀತು.’

ಹೀಗೆ ನನ್ನ ವಿದ್ಯೆ ಕಾಕಾನ ಅಂಗಡಿಯ ಕುರ್ಚಿಗಳಿಗೆ ಗಂಟು ಬಿತ್ತು. ಮಾಸ್ತರ್ ಬೆತ್ತ ಎಳೆಯುವ ಕಿರ್ ಕಿರ್ ಸದ್ದು ಕೇಳಿದಾಗಲೆಲ್ಲ ಉಳಿದ ಕುರ್ಚಿಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ. ಅವರು ಬೇಕೆಂದೇ ನಿಧಾನ ಮಾಡುತ್ತಿದ್ದರೇ ಎಂದು ಎಷ್ಟೋ ವರ್ಷಗಳ ಮೇಲೆ ಕೇಳಿದೆ. ‘ಕೆಲಸದಾಗ ನಾ ಮೋಸ ಮಾಡಂಗಿಲ್ಲ’ ಎಂದು ಸಿಡುಕಿದರು. ಮೋಸ ಮಾಡಿದ್ದು ಆಯಿ. ಹೆಣೆದು ಮುಗಿದ ಕುರ್ಚಿಯೊಂದನ್ನು ಒನಕೆಯಿಂದ ಕುಕ್ಕಿ ಹರಿದು, ಬೆಕ್ಕು ಪರಚಿತು ಎಂದಳು. ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ. ಕಾಕಾ ಬೆಕ್ಕಿನ ಬಗ್ಗೆ ವಿಚಾರಣೆ ಮಾಡಲಿಲ್ಲ.

ಮೊದಲ ಪಾಠ ನಡೆದದ್ದು ಹಿಟ್ಟಿನ ಮೇಲೆ. ಆ ವರ್ಷ ರೇಷನ್ನಿನಲ್ಲಿ ಕೆಂಪು ಮಿಲೋ ಜೋಳ ಕೊಡುತ್ತಿದ್ದರು, ಪರದೇಶದ್ದು, ಯಾರ ಬಾಯಿಗೂ ರುಚಿಸದು. ಆಯಿ ನಾದಿಟ್ಟ ಹಿಟ್ಟಿನ ಮುದ್ದೆಯನ್ನು ತಟ್ಟಿ, ಅದರ ಮೇಲೆ ಮಿಲೋ ಕಾಳು ಒತ್ತಿ ಮಾಸ್ತರ್ ನನ್ನ ಬೆರಳನ್ನು ಅಲ್ಲಿಟ್ಟರು. ‘ಎರಡು ಸಾಲು, ಸಾಲಿಗಿ ಮೂರು ಮನಿ. ಎಡಗಡಿ ಮ್ಯಾಲೊಂದು ಕಾಳು, ಕೆಳಗೊಂದು ಕಾಳು. ಇದು ಕ. ತಿನ್ಲಿಕ್ಕಿ ಬರದಿದ್ರೂ ಓದ್ಲಿಕ್ಕಿ ಬರ್ತದ ನೋಡು ಈ ಮಿಲೋ.’ ಆಮೇಲೆ ಆಯಿ ಆ ಹಿಟ್ಟನ್ನು ಹಾಗೆಯೇ ಹಂಚಿನ ಮೇಲೆ ಹಾಕಿದಳು. ನಾನು ಕಲಿತ ಮೊದಲ ಅಕ್ಷರವನ್ನು ನಾವು ಮೂವರೂ ಹಂಚಿಕೊಂಡು ತಿಂದೆವು.

ಕಾಗದಕ್ಕೆ ಅಂಗಡಿಯೇ ಆಧಾರ. ಮಿಲ್ಲಿನಿಂದ ಬರುವ ಧೋತರಗಳಿಗೆ ಸುತ್ತಿದ ದಪ್ಪ ಖಾಕಿ ಕಾಗದದಲ್ಲಿ ಚುಕ್ಕಿ ಚೆನ್ನಾಗಿ ಏಳುತ್ತಿತ್ತು. ಆದರೆ ಬರದಲ್ಲಿ ಧೋತರ ಯಾರು ಬಿಚ್ಚಿಸುತ್ತಾರೆ? ಗಿರಾಕಿ ಬಂದರೆ ಕಾಕಾನಿಗೆ ವ್ಯಾಪಾರ, ನನಗೆ ಕಾಗದ. ದೇವರಲ್ಲಿ ನಾನು ಬೇಡಿಕೊಂಡದ್ದು ಕಾಕಾನ ವ್ಯಾಪಾರಕ್ಕಾಗಿ ಎಂದು ಆಯಿ ತಿಳಿದಿದ್ದಳು.

ತಗಡಿನ ಚೌಕಟ್ಟಿನಲ್ಲಿ ಕಾಗದ ಸಿಕ್ಕಿಸಿ, ಹಿಂಬದಿಯಿಂದ ಚುಚ್ಚುತ್ತ ಬಲದಿಂದ ಎಡಕ್ಕೆ ಹೋಗಬೇಕು. ಆಮೇಲೆ ಕಾಗದ ಮಗುಚಿ, ಎದ್ದ ಚುಕ್ಕಿಗಳನ್ನು ಎಡದಿಂದ ಬಲಕ್ಕೆ ಓದಬೇಕು. ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ಕಲಿತಿದ್ದ ಕಾಕಾ ಒಮ್ಮೆ ಬಾಗಿಲಲ್ಲಿ ನಿಂತು ನೋಡಿದ.

‘ಇದು ಉರ್ದು ಏನ್ರಿ ಮಾಸ್ತರ? ಬಲಗಡಿಂದ ಬರೀಲತೀರಿ.’

‘ಬರೀವಾಗ ಉರ್ದು, ಓದುವಾಗ ಮರಾಠಿ, ಸಾಹುಕಾರ್ರ.’

‘ಮತ್ತ ಮನಿ ಮಾತು?’ ಎಂದು ನಾನು ನಡುವೆ ಬಾಯಿ ಹಾಕಿದೆ.

ಇಲ್ಲಿ ನಮ್ಮ ಕಡೆಯ ಮಾತೊಂದು ಹೇಳಬೇಕು. ಮನೆಯಲ್ಲಿ ನಾವು ಆಡುವುದು ಕನ್ನಡ. ಶಾಲೆ ಮರಾಠಿ, ಅಂಗಡಿ ಮರಾಠಿ, ಬೋರ್ಡು ಮರಾಠಿ. ನಮ್ಮ ಮನೆಯಲ್ಲಿ ಒಬ್ಬರಿಗೂ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಆಯಿ ಬೀಸುವಾಗ ಹಾಡುತ್ತಿದ್ದ ಪದಗಳು ಅವಳ ಬಾಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಮಾಸ್ತರ್ ನನ್ನ ಪ್ರಶ್ನೆಗೆ ತೊಡೆ ತಟ್ಟಿ ನಕ್ಕರು.

‘ಹುಚ್ಚಿ, ಚುಕ್ಕಿಯೊಳಗ ಮರಾಠಿ ಕ ಬ್ಯಾರೆ, ಕನ್ನಡ ಕ ಬ್ಯಾರೆ ಇಲ್ಲ. ಎರಡೂ ಒಂದೇ. ಕಣ್ಣಿದ್ದೋರು ಬೋರ್ಡ ನೋಡಿ ಜಗಳಾಡ್ತಾರ. ನಮ್ಮ ಬೆರಳಿಗಿ ಆ ಜಗಳ ಗೊತ್ತೇ ಇಲ್ಲ.’

ಆ ಮಾತು ಕೇಳಿ ನನಗೆ ಆದ ಆನಂದವನ್ನು ಹೇಗೆ ಹೇಳಲಿ? ಕಣ್ಣಿದ್ದಾಗ ಬರೆಯಲಾಗದ ನನ್ನ ಮನೆಮಾತನ್ನು ಕಣ್ಣು ಹೋದ ಮೇಲೆ ಬರೆಯಬಹುದಾಗಿತ್ತು. ಮರುದಿನದಿಂದಲೇ ಆಯಿಯ ಪದಗಳನ್ನು ಚುಚ್ಚತೊಡಗಿದೆ. ಆಯಿ ತಡವರಿಸಿ ಹೇಳುವಳು, ನಾನು ಚುಚ್ಚುವೆ, ಮಾಸ್ತರ್ ಓದಿ ತಪ್ಪು ತೆಗೆಯುವರು. ‘ಬೆರಳು ಅವಸರ ಮಾಡಿದ್ರ ಸುಳ್ಳು ಹೇಳ್ತದ, ತಂಗಿ’ ಎನ್ನುವುದು ಅವರ ಮಂತ್ರ. ಚಹಾದ ವಿಷಯದಲ್ಲಿ ಮಾತ್ರ ಈ ಮಂತ್ರ ನಡೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಾಕಾ ಪರೀಕ್ಷೆಗೆ ನಿಂತ. ಆಗ ಉಳಿದಿದ್ದದ್ದು ಒಂದೇ ಕುರ್ಚಿ. ‘ನಾ ಒಂದು ಮಾತ ಮಾಸ್ತರ ಕಿವ್ಯಾಗ ಹೇಳ್ತೀನಿ. ಅವರು ಚುಚ್ಚಲಿ, ನೀ ಓದು. ಖರೇ ಓದಿದ್ರ ಮುಂದಿಂದು ವಿಚಾರ ಮಾಡೋಣು.’ ಊಹೆಯಿಂದ ಹೇಳಲು ಬಾರದಂಥ ಮಾತು ಆರಿಸುವಷ್ಟು ಜಾಣ ಅವನು. ಮಾಸ್ತರ್ ಚುಚ್ಚಿದರು. ನಾನು ಬೆರಳಾಡಿಸಿದೆ, ನಿಧಾನಕ್ಕೆ, ಅವಸರವಿಲ್ಲದೆ.

‘ಕೇರಿ ತುಂಬ್ಯದ’ ಎಂದೆ. ಹೌದಲ್ಲ, ಹೊರಗೆ ಟ್ಯಾಂಕರಿಗಾಗಿ ಕೊಡಗಳನ್ನಿಟ್ಟುಕೊಂಡು ನಿಂತ ಜನರಿಂದ ಕೇರಿ ನಿತ್ಯವೂ ತುಂಬಿರುತ್ತಿತ್ತು.

‘ತಪ್ಪು’ ಎಂದ ಕಾಕಾ. ‘ನಾ ಹೇಳಿದ್ದು ಕೆರಿ ತುಂಬ್ಯದ ಅಂತ.’

ಕೆರೆಗೆ ನಾವು ಕೆರಿ ಎನ್ನುತ್ತೇವೆ. ಒಂದು ಎಳೆತದ ವ್ಯತ್ಯಾಸ. ಅಂಥ ಬರದಲ್ಲಿ ಕೆರೆ ತುಂಬಿದೆಯೆಂದು ಯಾರು ಊಹಿಸುತ್ತಾರೆ? ನಾನು ಮತ್ತೆ ಬೆರಳಾಡಿಸಿದೆ. ಅಲ್ಲಿದ್ದದ್ದು ಕೇರಿಯೇ. ಮಾಸ್ತರೂ ಮುಟ್ಟಿದರು. ಅವರೂ ಅದನ್ನು ಕೇರಿ ಎಂದೇ ಓದಬೇಕಿತ್ತು. ಮರಾಠಿಯಲ್ಲಿ ‘ಏ’ ಒಂದೇ, ಉದ್ದದ್ದು. ಅವರು ಕಲಿತ ಚುಕ್ಕಿಯಲ್ಲಿ ಗಿಡ್ಡ ‘ಎ’, ಗಿಡ್ಡ ‘ಒ’ ಇರಲೇ ಇಲ್ಲ. ಹೀಗಾಗಿ ‘ಕೊಡು’ ಬರೆದರೂ ಅದು ಎತ್ತಿನ ‘ಕೋಡು’ ಆಗುತ್ತಿತ್ತು. ಆಯಿಯ ಪದಗಳಲ್ಲೆಲ್ಲ ಈ ತಪ್ಪು ತುಂಬಿಕೊಂಡಿತ್ತು. ಪದ ನಮಗೆ ಮೊದಲೇ ಗೊತ್ತಿದ್ದರಿಂದ ಇಬ್ಬರಿಗೂ ಗುರುತು ಹತ್ತಿರಲಿಲ್ಲ.

ಮಾಸ್ತರ್ ತಾವೇ ಚುಚ್ಚಿದ ಸಾಲನ್ನು ಮತ್ತೆ ಮತ್ತೆ ಸವರುವ ಸದ್ದು ಕೇಳಿತು. ಕಾಕಾ ಸಿಟ್ಟೇನೂ ಮಾಡಲಿಲ್ಲ. ‘ಆ ಖುರ್ಚಿ ಆತಂದ್ರ ಸಾಕ್ರಿ ಮಾಸ್ತರ’ ಎಂದು ಮೆತ್ತಗೆ ಹೇಳಿ ಅಂಗಡಿಗೆ ಹೋದ. ನನಗೆ ಮತ್ತೊಮ್ಮೆ ಜ್ವರ ಬಂದು ಮತ್ತೊಮ್ಮೆ ಕಣ್ಣು ಹೋದಂತಾಯಿತು.

ಅತ್ತು ಮುಗಿದ ಮೇಲೆ ನಾನೇ ಹೇಳಿದೆ: ‘ಮಾಸ್ತರ್ರಿ, ಏ, ಓ ಅಕ್ಷರದ ಮುಂದ ಒಂದು ಒಂಟಿ ಚುಕ್ಕಿ ಇಡೋಣು. ಬಲಗಡಿ ಸಾಲಿನ ನಡುವಿಂದು. ಅದು ಇದ್ರ ಗಿಡ್ಡ, ಇಲ್ದಿದ್ರ ಉದ್ದ.’

ಉರಿದುಬಿದ್ದರು. ‘ಹನ್ನೆರಡಿದ್ದದ್ದು ಆರಕ್ಕ ಇಳಿಸ್ಯಾನ ಅಂವಾ! ನೀ ಇನ್ನೂ ಏರಸ್ತಿ? ಅಂವಾ ಇದ್ದಿದ್ರ ಏನಂತಿದ್ದ?’

‘ಆರರ ಒಳಗಿಂದೇ ಒಂದು ತಗೋಳ್ತೀನಿ, ಹೊರಗಿಂದು ತರಂಗಿಲ್ಲ.’

‘ಆಗಂಗಿಲ್ಲ. ಲಿಪಿ ಅಂದ್ರ ಲಿಪಿ!’

ಜಗಳ ಅಡುಗೆಮನೆಯ ತನಕ ಹೋಯಿತು. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: ‘ಏ ಮಾಸ್ತರಾ, ಆ ಪರಾಂಡಾದ ಹುಡುಗಗ ಕನ್ನಡ ಬರ್ತಿತ್ತಾ?’

‘ಇಲ್ರಿ ಆಯಿ.’

‘ಮತ್ತ ಅಂವಂದೇನ ತಪ್ಪು? ಅಂವಾ ತನಗ ಬೇಕಾದ್ದು ಮಾಡ್ಕೊಂಡ. ನಮಗ ಬೇಕಾದ್ದು ನಾವ ಮಾಡ್ಕೋಬೇಕು. ಪರಾಂಡಾದಾಂವ ಬಂದು ನಮ್ಮ ಕೆರಿ ತುಂಬಸ್ತಾನೇನು?’

ಮಾಸ್ತರ್ ಮೊದಲು ಗೊಣಗಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿಸಿ ನನ್ನ ಕೈಗೆ ದಬ್ಬಣ ಕೊಟ್ಟರು. ‘ಹಾಕು ನಿನ್ನ ಚುಕ್ಕಿ’ ಎಂದರು. ಆ ದಿನ ಪೂರ್ತಿ ನಾವಿಬ್ಬರೂ ಗಿಡ್ಡ ಎ, ಗಿಡ್ಡ ಒ ಹುಡುಕಿ ಹುಡುಕಿ ಆಯಿಯ ಪದಗಳನ್ನು ತಿದ್ದಿದೆವು. ಮುಂದೆ ನಾನು ಅಂಧರ ಶಾಲೆಯಲ್ಲಿ ಪಾಠ ಹೇಳುವ ಕಾಲಕ್ಕೆ ಕನ್ನಡದ ಚುಕ್ಕಿ ಪುಸ್ತಕವೊಂದು ಕೈಗೆ ಬಂತು. ಅದರಲ್ಲಿ ಗಿಡ್ಡ ‘ಎ’ಗೆ ಬೇರೆಯೇ ಗುರುತು, ನಾವು ಜಗಳಾಡುವ ಎಷ್ಟೋ ಮೊದಲೇ ಯಾರೋ ಮಾಡಿಟ್ಟಿದ್ದರು. ಮಾಸ್ತರಿಗೆ ಹೇಳಿದೆ. ಮುಟ್ಟಿ ನೋಡಿ, ‘ಇರ್ಲಿ, ಅವರದೂ ಛಲೋ ಅದ’ ಎಂದು ದೊಡ್ಡ ಮನಸ್ಸು ಮಾಡಿದರು.

ಕೊನೆಯ ಕುರ್ಚಿ ಮುಗಿಯಿತು. ಮಾಸ್ತರ್ ಉಮರ್ಗಾದ ಕಡೆ ಕೆಲಸಕ್ಕೆ ಹೋದರು. ಇನ್ನು ಕುಕ್ಕಿದರೆ ಕಾಕಾ ಒನಕೆಯನ್ನೇ ಸುಡುತ್ತಾನೆಂದು ಆಯಿ ಸುಮ್ಮನಿದ್ದಳು. ಚೌಕಟ್ಟು ಮಾಸ್ತರ ಹತ್ತಿರ ಇದ್ದದ್ದು ಒಂದೇ, ಅದೂ ಅವರ ಜೊತೆ ಹೋಯಿತು. ಹಳೆಯ ಖಾಕಿ ಕಾಗದಗಳನ್ನೇ ಮುಟ್ಟಿ ಮುಟ್ಟಿ ಓದಿದೆ, ಚುಕ್ಕಿಗಳು ಸವೆಯುವ ತನಕ.

ಮುಂದಿನ ವರ್ಷದ ಮಿರಗದಲ್ಲಿ, ಅಂದರೆ ಮೃಗಶಿರದಲ್ಲಿ, ಮಳೆ ಬಂತು. ಬಂದದ್ದು ಹೇಗೆಂದರೆ, ಅಂಗಡಿಯ ತಗಡಿನ ಮೇಲೆ ಬಿದ್ದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಎಡೆಬಿಡದೆ ಸುರಿದು ನಿಂತು ಹೊಳವಾದ ದಿನ ಊರಿಗೆ ಊರೇ ಕೆರೆ ನೋಡಲು ಎದ್ದಿತ್ತು. ಬಾಗಿಲ ಮುಂದೆ ಹೋಗುವವರ ಬರುವವರ ಗದ್ದಲ. ಆ ಗದ್ದಲದ ನಡುವೆ ಸೈಕಲ್ಲು ಬಿದ್ದ ಸದ್ದಾಯಿತು. ಅದರ ಹಿಂದೆಯೇ ಬೈಗುಳ.

‘ಒಂದೂ ಖುರ್ಚಿ ಹರದಿಲ್ಲಲ್ರಿ ಮಾಸ್ತರ’ ಎಂದ ಕಾಕಾ.

‘ನಾ ಖುರ್ಚಿಗಿ ಬಂದಿಲ್ರಿ, ಸಾಹುಕಾರ್ರ. ಅವತ್ತಿನ ಮಾತ ಇನ್ನೊಮ್ಮಿ ನನ್ನ ಕಿವ್ಯಾಗ ಹೇಳ್ರಿ. ಕೆರಿ ಹೇಳ್ರಿ, ಕೇರಿ ಹೇಳ್ರಿ, ನಿಮ್ಮ ಮರ್ಜಿ. ಇವತ್ತ ಎರಡೂ ತುಂಬ್ಯಾವ. ಆಕಿಗಿ ಊಹಾ ಮಾಡ್ಲಿಕ್ಕಿ ಜಾಗಾ ಇಲ್ಲ.’

ಕಾಕಾ ಎದ್ದು ಅಂಗಡಿಯ ಕಡೆ ಹೋದ. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಮೇಲೆ ಅವನು ಧೋತರದ ಹೊಸ ಗಂಟೊಂದನ್ನು ಬಿಚ್ಚಿ ಕಾಗದ ಹರಿಯುವ ಸದ್ದು ಕೇಳಿತು. ಬಂದು ಮಾಸ್ತರ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಮಾಸ್ತರ್ ಚುಚ್ಚಿದರು. ನನ್ನ ಮುಂದೆ ಇಟ್ಟರು.

ಮೊದಲು ಕ. ಮೇಲೊಂದು, ಕೆಳಗೊಂದು. ಆಮೇಲೆ ಬೆರಳು ಮುಂದೆ ಓಡಲು ನೋಡಿತು. ತಡೆದೆ. ಅಲ್ಲಿತ್ತು ಅದು, ಬಲಗಡೆಯ ಸಾಲಿನ ನಡುವೆ, ಒಂದೇ ಒಂದು.

‘ಕೆರಿ’ ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ‘ಕೆರಿ ತುಂಬ್ಯದ, ಕಾಕಾ.’

ಕಾಕಾ ಉಳಿದ ಕಾಗದವನ್ನು ಮಡಚಿ ನನ್ನ ಮಡಿಲಿಗಿಟ್ಟ. ‘ನಾಳಿಂದ ಖುರ್ಚಿ ನೆವಾ ಬ್ಯಾಡ್ರಿ ಮಾಸ್ತರ’ ಎಂದ. ‘ಹಂಗೇ ಬರ್ರಿ.’

ಆಯಿ ನನ್ನ ಪಕ್ಕಕ್ಕೆ ಬಂದು ಕುಳಿತಳು. ‘ಎಲ್ಲದ ನಿಮ್ಮ ಆ ಚುಕ್ಕಿ, ನನಗೂ ತೋರಸು.’ ರೊಟ್ಟಿ ಬಡಿದು ಬಡಿದು ದಡ್ಡುಗಟ್ಟಿದ ಅವಳ ಬೆರಳನ್ನು ಹಿಡಿದು ಅದರ ಮೇಲಿಟ್ಟೆ. ಹುಡುಕಿದಳು, ತಪ್ಪಿದಳು, ಮತ್ತೆ ಹುಡುಕಿದಳು. ಸಿಕ್ಕಿತು.

‘ಇಷ್ಟ?’ ಎಂದಳು. ‘ಇಷ್ಟ ಚುಕ್ಕಿಯೊಳಗ ಅಷ್ಟ ದೊಡ್ಡ ಕೆರಿ ಹ್ಯಾಂಗ ಹಿಡೀತ, ಮಾಸ್ತರಾ?’

ಮಾಸ್ತರ್ ನಕ್ಕು ಮುಂದಿದ್ದ ಚಹಾದ ಕಪ್ಪಿಗೆ ಕೈ ಚಾಚಿದರು. ಬಶಿಗೆ ಚಹಾ ಸುರಿದುಕೊಂಡು, ಆರುವ ಮೊದಲೇ ಬಾಯಿ ಹಾಕಿ ತುಟಿ ಸುಟ್ಟುಕೊಂಡರು. ಆದರೆ ಯಾರನ್ನೂ ಬೈಯಲಿಲ್ಲ.